ಮರಳಿನ ತವರಿಗೆ ಹೊರಟ ಭಾವ

ನಮ್ಮ ಭಾವನಿಗೆ ತಲೆ ಕೆಟ್ಟಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಕ್ಷೇಮ. ಮುಂದಿನದನ್ನೆಲ್ಲ ಓದಿದ ಮೇಲೆ ಹೇಳಿದರೆ ನೀವು ನಂಬುವುದಿಲ್ಲ! ತಲೆ ಸರಿಯಾಗಿಯೇ ಇದೆ; ಅದರೊಳಗೆ ಒಂದು ವಿಚಾರ ಹೊಕ್ಕರೆ ಹೊರಗೆ ಬರುವ ದಾರಿ ಮಾತ್ರ ಇಲ್ಲ. ಅಕ್ಕ ಅವರನ್ನು ಮದುವೆಯಾದಂದಿನಿಂದ ನಾನು ಆ ದಾರಿಯನ್ನು ಹುಡುಕುತ್ತಲೇ ಇದ್ದೇನೆ. ನನ್ನ ತಲೆಗೂದಲೆಲ್ಲ ಉದುರಿತು, ದಾರಿ ಸಿಕ್ಕಲಿಲ್ಲ.

ಭಾವನದು ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿ. ದೊಡ್ಡ ಬಾಣಲೆಯಲ್ಲಿ ಮರಳು ಕಾಯಿಸಿ, ಅದಕ್ಕೆ ಅಕ್ಕಿ ಸುರಿದು, ಚಟಚಟ ಅರಳಿದ ಕೂಡಲೇ ಜರಡಿ ಹಿಡಿದು ಮರಳನ್ನು ಕೆಳಗಿಳಿಸಿ ಮಂಡಕ್ಕಿಯನ್ನು ಮೇಲೆ ಉಳಿಸಿಕೊಳ್ಳುವ ಕೆಲಸ. ಅವರ ಅಪ್ಪನೂ ಆ ಬಾಣಲೆಯ ಮುಂದೆಯೇ ನಿಂತು ಬೆವರಿದವರು. ನಾನು ಹರಿಹರದಲ್ಲಿ ಗಣಿತದ ಮೇಷ್ಟ್ರು. ನಮ್ಮಿಬ್ಬರ ನಡುವೆ ಇರುವುದು ಒಂದು ಸಣ್ಣ ಬಸ್ ಪ್ರಯಾಣ ಅಷ್ಟೇ, ಮತ್ತು ನನ್ನ ಬಾಳಿನ ದೊಡ್ಡ ದುರ್ದೈವವೇ ಅದು. ಇನ್ನೂ ಸ್ವಲ್ಪ ದೂರವಿದ್ದಿದ್ದರೆ ಅವರ ವಿಚಾರಗಳು ನನ್ನನ್ನು ಮುಟ್ಟುವಷ್ಟರಲ್ಲಿ ತಣ್ಣಗಾಗುತ್ತಿದ್ದವು.

ಒಂದು ದಿನ ಭಾವ ಭಟ್ಟಿಯಲ್ಲಿ ಕಾಲ ಪಕ್ಕದಲ್ಲೇ ಇದ್ದ ಚೀಲವನ್ನು ಎಡವಿ ಬಿದ್ದರು. ಮಾರನೇ ದಿನ ಪಕ್ಕದಲ್ಲೇ ಕೂತು ಅಕ್ಕಿ ಆರಿಸುತ್ತಿದ್ದ ಅಕ್ಕನನ್ನು ಎಡವಿ ಬಿದ್ದರು. ಚೀಲವನ್ನು ಎಡವಿದಾಗ ಸುಮ್ಮನಿದ್ದ ಅಕ್ಕ ಈಗ ಅವರನ್ನು ಕಣ್ಣಿನ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಜೊತೆಗೆ ನಾನು. ಡಾಕ್ಟರು ನೋಡಿ, ನೋಟ ಸುತ್ತಲಿಂದ ಮುಚ್ಚಿಕೊಳ್ಳುತ್ತಾ ಬರುತ್ತಿದೆ ಎಂದರು. ನಡುವಿನದಷ್ಟೇ ಉಳಿದಿದೆ, ಬೆಳಕು ಇಳಿದರೆ ಅದೂ ಇಲ್ಲ. ಹೋದದ್ದು ಮರಳಿ ಬರುವುದಿಲ್ಲ, ಉಳಿದದ್ದೂ ಬಹಳ ದಿನ ನಿಲ್ಲುವುದಿಲ್ಲ. ಮಾತ್ರೆಯಿಲ್ಲ, ಆಪರೇಷನ್ ಇಲ್ಲ. ಅಕ್ಕ ಅಲ್ಲೇ ಅತ್ತಳು. ಭಾವ ಮಾತ್ರ ಡಾಕ್ಟರನ್ನು ಕೇಳಿದರು:

"ರಾಜಸ್ಥಾನಕ್ಕೆ ಹೋಗಿ ಬರೋವಷ್ಟು ಟೈಮ್ ಐತಲ್ರೀ ಡಾಕ್ಟ್ರೇ?"

ಅಲ್ಲೆಲ್ಲೋ ದೊಡ್ಡ ಆಸ್ಪತ್ರೆಯನ್ನು ವಿಚಾರಿಸಿಕೊಂಡು ಬಂದಿದ್ದಾರೆ ಎಂದುಕೊಂಡ ಡಾಕ್ಟರು, "ಯಾರಿಗೆ ತೋರಿಸ್ತೀರಿ ಅಲ್ಲಿ?" ಎಂದರು.

"ತೋರಿಸಾಕಲ್ರೀ, ನೋಡಾಕೆ! ಮರಳು ನೋಡಾಕೆ!"

ಡಾಕ್ಟರು ನನ್ನ ಕಡೆ ನೋಡಿದರು. ನಾನು ಗೋಡೆಯ ಮೇಲಿನ ಅಕ್ಷರಗಳನ್ನು ಓದತೊಡಗಿದೆ.

ಹೊರಗೆ ಬಂದ ಮೇಲೆ ವಾದ ಶುರುವಾಯಿತು. "ಹುಟ್ಟಿದಾಗ್ನಿಂದ ಬಾಣಲೆಯಾಗಿನ ಮರಳು ನೋಡೀನಿ. ಕಣ್ಣು ಪೂರ್ತಿ ಹೋಗೋದ್ರೊಳಗೆ ಅದರ ತವರುಮನೆ ನೋಡ್ಬೇಕು" ಎಂದರು ಭಾವ.

"ನಿಮ್ಮ ಮರಳಿನ ತವರುಮನೆ ತುಂಗಭದ್ರೆ ಭಾವ. ಹರಿಹರಕ್ಕೆ ಬರ್ರಿ, ಇವತ್ತೇ ತೋರಿಸ್ತೀನಿ."

"ಅದು ಹೊಳೆ ಬಿಟ್ಟು ಹೋಗಿರೋ ಮರಳು. ನನಗೆ ಬರೀ ಮರಳೇ ಇರೋ ಊರು ಬೇಕು."

"ಹಂಗಾದ್ರೆ ಟ್ರೇನಿಗೆ ಹೋಗ್ರಿ."

"ಲೇ ಮೇಷ್ಟ್ರೆ, ನನ್ನ ಕಣ್ಣೇ ಒಂದು ಕಿಟಕಿ ಆಗಿ ಕೂತೈತೆ. ಅದರ ಮುಂದೆ ಟ್ರೇನಿನ ಕಿಟಕಿ ಬೇರೆ ಇಟ್ಟು ಏನ್ ನೋಡ್ಲಿ? ಗಾಡಿ ಮ್ಯಾಲೇ ಹೋಗೋದು. ನೀನು ಓಡಿಸೋದು."

ಗಾಡಿಯೆಂದರೆ ಭಟ್ಟಿಯ ಮೂಲೆಯಲ್ಲಿ ಹೊಟ್ಟಿನಡಿ ಹೂತುಹೋಗಿದ್ದ ಅವರ ಹಳೇ ಮೋಟಾರ್ ಸೈಕಲ್ಲು. ಓಡಿಸುವವನೆಂದರೆ, ಶಾಲೆಗೆ ಸ್ಕೂಟರಿನಲ್ಲಿ ಹೋಗುವಾಗ ಹಿಂದೆ ಲಾರಿ ಹಾರ್ನ್ ಮಾಡಿದರೆ ಇಳಿದು ನಿಲ್ಲುವ ನಾನು! ಅಕ್ಕ ಬೈದಾದರೂ ತಡೆಯುತ್ತಾಳೆಂದು ಅವಳ ಮುಖ ನೋಡಿದೆ. ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಹೋಗಿ ಬರ್ರೋ, ಹುಷಾರಾಗಿ" ಎಂದುಬಿಟ್ಟಳು. ನನ್ನ ಕೊನೆಯ ಆಸೆಯೂ ಅಲ್ಲಿಗೆ ಮುಗಿಯಿತು.

ಗಾಡಿಯನ್ನು ಹರಿಹರದ ಒಂದು ವೆಲ್ಡಿಂಗ್ ಶಾಪಿಗೆ ತಂದರು. ಮೊದಲ ವಾರ ಅದರಿಂದ ಏನೇನು ತೆಗೆದರು ಎನ್ನುವುದು ನನಗೆ ಗೊತ್ತು. ಸೈಲೆನ್ಸರಿನಿಂದ ಬಂದ ಮಂಡಕ್ಕಿಯನ್ನು ನಾನೇ ಗುಡಿಸಿದ್ದೇನೆ. ಆಮೇಲೆ ಹಾಕುವ ಕೆಲಸ. ನನ್ನ ಕೈ ಗಿಡ್ಡವೆಂದು ಹ್ಯಾಂಡಲ್ಲನ್ನು ಹಿಂದಕ್ಕೆ ಬಗ್ಗಿಸಿದರು. ಎರಡು ಪಕ್ಕಕ್ಕೆ ಎರಡು ತಗಡಿನ ಡಬ್ಬಿ ಕೂರಿಸಿದರು. ಪರವಾಗಿಲ್ಲ, ಬಟ್ಟೆಗೊಂದು ಔಷಧಿಗೊಂದು ಎಂದು ಸಮಾಧಾನ ಮಾಡಿಕೊಂಡೆ. ಹೊರಡುವ ದಿನ ನೋಡಿದರೆ ಎರಡರಲ್ಲೂ ಮಂಡಕ್ಕಿ! "ಬಟ್ಟೆ ಎಲ್ಲಿ ಭಾವ?" ಎಂದರೆ, "ನಿನಗೆ ಬೆನ್ನು ಐತಲ್ಲೋ" ಎಂದರು.

ಇದೆಲ್ಲ ಹೋಗಲಿ. ಹಿಂದಿನ ಸೀಟು! ಅದನ್ನು ಮುಂದಿನ ಸೀಟಿಗಿಂತ ಒಂದು ಮೊಳ ಎತ್ತರಿಸಬೇಕೆಂದು ಭಾವ ಹಟ ಹಿಡಿದರು. ವೆಲ್ಡಿಂಗ್ ಮಾಡುವವನು ಕನ್ನಡಕ ಮೇಲೇರಿಸಿ, "ಯಜಮಾನ್ರೇ, ಇದು ಗಾಡೀನೋ ಅಟ್ಟಾನೋ?" ಎಂದು ಕೇಳಿದ.

"ಇವನ ಬೋಳುತಲೆ ನೋಡ್ಕೊಂಡು ಕೂರಾಕೆ ರಾಜಸ್ಥಾನದ ತನಕ ಯಾಕ ಹೋಗ್ಲಿ? ಹರಿಹರದಾಗೆ ದಿನಾ ಕಾಣ್ತೈತಲ್ಲ! ಎತ್ತರಿಸು!"

ಎತ್ತರಿಸಿದ. ಪರೀಕ್ಷೆಗೆಂದು ಪಕ್ಕದ ಬಾತಿ ಹಳ್ಳಿಯ ಕಡೆ ಓಡಿಸಿದೆವು. ಕೆಳಗೆ ನಾನು, ಮೇಲೆ ಭಾವ, ಅವರ ಎರಡೂ ಕೈ ನನ್ನ ಹೆಗಲ ಮೇಲೆ. ರಸ್ತೆ ಬದಿಯಲ್ಲಿ ನಿಂತಿದ್ದ ಅಜ್ಜಿಯೊಬ್ಬಳು ಪಲ್ಲಕ್ಕಿಯೇ ಬಂತೆಂದು ಚಪ್ಪಲಿ ಬಿಟ್ಟು ಕೈಮುಗಿದಳು. ಭಾವ ಆಶೀರ್ವಾದ ಮಾಡಲು ಒಂದು ಕೈ ಎತ್ತಿದ್ದೇ ತಡ, ರೋಡ್ ಹಂಪ್ ಬಂತು. ಮುಂದೆ ಹೋಗಿ, ಗಾಡಿ ಹಗುರವಾಯಿತಲ್ಲ ಎಂದು ತಿರುಗಿ ನೋಡಿದರೆ ಹಿಂದಿನ ಸೀಟು ಖಾಲಿ! ಭಾವ ರಸ್ತೆ ಪಕ್ಕದ ಹುಲ್ಲಿನ ಮೇಲೆ ಕೂತು ಅಜ್ಜಿಯ ಕೈಯಿಂದ ನೀರು ಕುಡಿಯುತ್ತಿದ್ದರು. ಮಾರನೇ ದಿನ ಆ ಸೀಟಿಗೆ ಬೆಲ್ಟು ಬಂತು. ಸೀಟಿನ ಎತ್ತರ ಒಂದು ಅಂಗುಲವೂ ಇಳಿಯಲಿಲ್ಲ.

ದಸರಾ ರಜೆ ಸಿಕ್ಕ ಕೂಡಲೇ ಹೊರಡೋಣ ಎಂದೆ. ಬೇಗ ಹೋದರೆ ಬೇಗ ಬರಬಹುದಲ್ಲ! ಭಾವ ಗೋಡೆಯ ಕ್ಯಾಲೆಂಡರಿಗೆ ಮೂಗು ತಾಗಿಸಿ, ಒಂದೊಂದೇ ಮನೆಯನ್ನು ಬಹಳ ಹೊತ್ತು ತಡಕಾಡಿ, ಉಕ್ಕಡಗಾತ್ರಿಯ ಗುಡಿಯಲ್ಲಿ ಅಜ್ಜಯ್ಯನಿಗೆ ಅಮಾವಾಸ್ಯೆ ಪೂಜೆ ಮಾಡಿಸಿಯೇ ಹೊರಡುವುದು ಎಂದು ತೀರ್ಪು ಕೊಟ್ಟರು. ಹಾಗೇ ಆಯಿತು. ಗಾಡಿಗೆ ಹಾರ, ಚಕ್ರಕ್ಕೆ ನಿಂಬೆಹಣ್ಣು, ನನ್ನ ಬೋಳುತಲೆಗೆ ವಿಭೂತಿ.

ದಾರಿಯ ಪಾಡನ್ನು ಏನೆಂದು ಹೇಳಲಿ! ಸ್ವಲ್ಪ ವೇಗ ಹೆಚ್ಚಿಸಿದರೆ ಹೆಗಲ ಮೇಲಿನ ಕೈ ಬಿಗಿಯಾಗುತ್ತಿತ್ತು. "ಅವಸರ ಮಾಡಬ್ಯಾಡ. ನಿಧಾನ ಹೋಗು." ನಮ್ಮನ್ನು ಸೈಕಲ್ಲುಗಳು ದಾಟಿದವು. ಟ್ರ್ಯಾಕ್ಟರುಗಳು ದಾಟಿದವು. ಒಮ್ಮೆ ಎತ್ತಿನ ಗಾಡಿಯೊಂದು ದಾಟಿ ಹೋಗುವಾಗ ಅದರ ಎತ್ತು ಹಿಂತಿರುಗಿ ನನ್ನನ್ನು ನೋಡಿತು. ಆ ನೋಟವನ್ನು ನಾನು ಈ ಜನ್ಮದಲ್ಲಿ ಮರೆಯುವುದಿಲ್ಲ. ಗುಜರಾತಿನಲ್ಲಿ ಪೊಲೀಸರು ಡಬ್ಬಿ ತೆಗೆಯಿರಿ ಎಂದರು. ತೆಗೆದದ್ದೇ ಗಾಳಿ ಬೀಸಿತು. ಅವರ ಟೋಪಿ, ಮೀಸೆ, ಜೀಪು ಎಲ್ಲವೂ ಮಂಡಕ್ಕಿ! ಜೈಲೇ ಗತಿ ಎಂದು ನಾನು ಕಣ್ಣುಮುಚ್ಚಿಕೊಂಡೆ. ಭಾವ ಮಾತ್ರ, "ಖಾವೋ ಸಾಬ್, ಖಾವೋ! ದಾವಣಗೆರೆ ಕಾ ಮಾಲ್ ಹೈ!" ಎನ್ನುತ್ತಾ ಜೇಬಿನಿಂದ ಈರುಳ್ಳಿ, ಹಸಿಮೆಣಸಿನಕಾಯಿ ತೆಗೆದು ಅಲ್ಲೇ ಕಲಸಲು ಕೂತರು. ಮನೆ ಬಿಟ್ಟು ಅಷ್ಟು ದಿನವಾಗಿದ್ದರೂ ಮಂಡಕ್ಕಿ ಮೆತ್ತಗಾಗಿರಲಿಲ್ಲ, ಕಟುಂ ಎನ್ನುತ್ತಿತ್ತು. "ನೋಡಿದ್ಯಾ? ಒಣ ಸೀಮೆ ಗಾಳಿ! ನಮ್ಮಪ್ಪ ಇಲ್ಲಿ ಭಟ್ಟಿ ಹಾಕ್ಬೇಕಿತ್ತು" ಎಂದು ಭಾವ ಪೊಲೀಸರ ಎದುರಿಗೇ ಕುಣಿದಾಡಿದರು.

ಇನ್ನೇನು ಮರಳುಗಾಡು ಮುಟ್ಟಿದೆವು ಎನ್ನುವ ಊರಿನಲ್ಲಿ ಹೊಟ್ಟೆನೋವೆಂದು ಮಲಗಿಬಿಟ್ಟರು. ಹೊಟ್ಟೆನೋವಿನ ಮನುಷ್ಯ ಬೆಳಿಗ್ಗೆ ಸಂಜೆ ಮೆಣಸಿನಕಾಯಿ ಬಜ್ಜಿ ತಿನ್ನುತ್ತಾನೆಯೇ? ಕೇಳಿದರೆ, "ಇದು ಬೇರೆ ಥರದ ನೋವು" ಎಂದರು. ರಜೆ ಮುಗಿಯುತ್ತಾ ಬಂದಿತ್ತು. ಅದಕ್ಕಿಂತ ಹೆಚ್ಚಾಗಿ, ಭಾವ ಬಾಗಿಲಿಗೆ ಬದಲು ಗೋಡೆಯ ಕಡೆ ನಡೆಯುವುದು ದಿನದಿನಕ್ಕೆ ಹೆಚ್ಚಾಗುತ್ತಿತ್ತು. ಇಷ್ಟು ದೂರ ಬಂದು, ನೋಡಬೇಕಾದ್ದನ್ನು ನೋಡದೆ ಈ ಮನುಷ್ಯನ ಕಣ್ಣು ಹೋದರೆ? ನಾನು ಬೈದೆ. ಕೂಗಾಡಿದೆ. ಕೊನೆಗೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಹೊಟ್ಟೆನೋವು ಎರಡು ದಿನ ಇದ್ದು, ಮೂರನೇ ದಿನ ತಾನೇ ಎದ್ದು ಹೋಯಿತು.

ಅಂದೇ ಸಂಜೆಯ ಹೊತ್ತಿಗೆ ಅವರನ್ನು ಮರಳಿನ ದಿಬ್ಬ ಹತ್ತಿಸಿದೆ. ಸೂರ್ಯ ಇನ್ನೂ ಇದ್ದ. ಭಾವ ಮರಳನ್ನು ಒಂದು ಹಿಡಿ ತೆಗೆದುಕೊಂಡು, ಕಣ್ಣಿನ ಹತ್ತಿರ ತಂದು, ಬೆರಳ ಸಂದಿಯಲ್ಲಿ ಸುರಿಸಿ, "ಮೈದಾಹಿಟ್ಟು ಆಗೈತಲ್ಲೋ!" ಎಂದರು. ಆಮೇಲೆ ನೋಡುತ್ತಾ ಕೂತರು. ಅಷ್ಟು ಹೊತ್ತು ಸುಮ್ಮನೆ ಕೂತ ಭಾವನನ್ನು ನಾನು ಅದುವರೆಗೆ ಕಂಡಿರಲಿಲ್ಲ. ಸೂರ್ಯ ಮುಳುಗಿದ. ನನಗೆ ಇನ್ನೂ ಎಲ್ಲ ಕಾಣುತ್ತಿತ್ತು. ಅವರು ಕೈ ಚಾಚಿ ನನ್ನ ತೋಳು ಹುಡುಕಿದಾಗ ಅವರಿಗೆ ಕತ್ತಲಾಯಿತೆಂದು ತಿಳಿಯಿತು.

"ಎಡಗಡೆ ಏನೈತೋ ಮೇಷ್ಟ್ರೆ?"

"ಮರಳು ಭಾವ."

"ಬಲಗಡೆ?"

"ಮರಳು."

"ಹಿಂದೆ?"

ತಿರುಗಿದೆ. ದಿಬ್ಬದ ಅಂಚಿನಿಂದ ಚಂದ್ರ ಮೇಲೇಳುತ್ತಿದ್ದ. ಪೂರ್ತಿ ದುಂಡಗೆ. ಮರಳೆಲ್ಲ ಬೆಳಗತೊಡಗಿತ್ತು. ನಾನು ಮತ್ತೆ ಭಾವನ ಕಡೆ ತಿರುಗಿದೆ.

"ಮರಳು ಭಾವ. ಬರೀ ಮರಳು."

"ಹಂಗಾದ್ರೆ ನಾನೇನೂ ತಪ್ಪಿಸ್ಕೊಂಡಿಲ್ಲ ಅನ್ನು" ಎಂದು ನಕ್ಕು, ನನ್ನ ತೋಳು ಹಿಡಿದು ದಿಬ್ಬ ಇಳಿದರು.

ಬರುವಾಗ ಎರಡೂ ಡಬ್ಬಿಯ ತುಂಬ ಮರಳು! ಆ ಭಾರಕ್ಕೆ ಗಾಡಿ ನಿಂತಲ್ಲೆಲ್ಲ ತಳ್ಳಿದವನು ನಾನು. ಊರಿಗೆ ಬಂದವರೇ ಅದನ್ನು ಬಾಣಲೆಗೆ ಸುರಿದು ಅಕ್ಕಿ ಹಾಕಿಸಿದರು. ಆ ನುಣುಪು ಮರಳು ಮಂಡಕ್ಕಿಗೆ ಅಂಟಿದ್ದು ಜರಡಿ ಹಿಡಿದರೂ ಕೆಳಗೆ ಬೀಳಲೇ ಇಲ್ಲ. ತಿಂದವರೆಲ್ಲ ಹಲ್ಲು ಹಿಡಿದುಕೊಂಡರು. "ಅಷ್ಟು ದೂರದಿಂದ ಇದನ್ನ ಹೊತ್ಕೊಂಡು ಬರಬೇಕಿತ್ತಾ? ನಮ್ಮ ಹೊಳೆ ಮರಳು ಏನ್ ಪಾಪ ಮಾಡಿತ್ತು?" ಎಂದು ಅಕ್ಕ ಉಗಿದಳು.

ಈಗ ಭಾವನಿಗೆ ಹಗಲೂ ಕಾಣುವುದಿಲ್ಲ. ಡಾಕ್ಟರು ಹೇಳಿದಂತೆಯೇ ಆಯಿತು. ಆದರೂ ಭಟ್ಟಿಯ ಮುಂದೆ ಕೂತಿರುತ್ತಾರೆ. ಅಕ್ಕಿ ಅರಳುವ ಸದ್ದು ಕೇಳಿಯೇ "ಜರಡಿ ಹಿಡಿ" ಎಂದು ಕೂಗುತ್ತಾರೆ. ಹೋದ ಭಾನುವಾರ ನಾನು ಹೋಗಿ ಪಕ್ಕದಲ್ಲಿ ಕೂತೆ. ಇದ್ದಕ್ಕಿದ್ದಂತೆ ಕೇಳಿದರು:

"ಅವತ್ತು ನನ್ನ ಬೆನ್ನಿಂದೆ ಚಂದ್ರ ಇದ್ದ ಅಲ್ವೇನೋ?"

"ಯಾರು ಹೇಳಿದ್ರು?"

"ಯಾರ್ ಹೇಳ್ಬೇಕು? ಅಮಾಸಿ ಪೂಜೆ ಮಾಡಿ ಹೊರಟು, ನಿಧಾನ ಹೋಗು, ನಿಧಾನ ಹೋಗು ಅಂತ ನಿನ್ನ ಹೆಗಲು ಹಿಂಡಿ, ಸಾಲದ್ದಕ್ಕೆ ಹೊಟ್ಟೆನೋವು ಅಂತ ಮಲಗಿ, ಸರಿಯಾಗಿ ಹುಣ್ಣಿಮೆಗೆ ಅಲ್ಲಿ ಮುಟ್ಟಿಸಿದ್ದು ನಾನು! ಗಣಿತದ ಮೇಷ್ಟ್ರಿಗೆ ಅಷ್ಟು ಲೆಕ್ಕ ಸಿಗಲಿಲ್ಲ ನೋಡು. ಬೆಳದಿಂಗಳಾಗೆ ಮರಳು ನೋಡೋ ಆಸೆ ಇತ್ತು ಕಣೋ. ಇಳಿಯುವಾಗ ತಿರುಗಿ ಹುಡುಕಿದೆ ಚಂದ್ರನ್ನ. ನನ್ನ ಕಿಟಕಿಗೆ ಸಿಗಲಿಲ್ಲ."

"ಮತ್ತೆ ಯಾಕ ಸುಮ್ನಿದ್ರಿ ಭಾವ?"

"ನಿನ್ನ ದನಿ ನಡುಗ್ತಿತ್ತು. ನನ್ನ ದುಃಖ ನನಗಿರ್ಲಿ, ಈ ಹುಡುಗ ಯಾಕ ಅಳಬೇಕು ಅಂದ್ಕೊಂಡೆ."

ಅವರಿಗೆ ನಾನು ಈಗಲೂ ಹುಡುಗ. ಭಾವನ ಕೈ ಗಾಳಿಯಲ್ಲಿ ತಡವರಿಸಿ ನನ್ನ ಹೆಗಲನ್ನು ಹುಡುಕಿಕೊಂಡಿತು. ಗಾಡಿಯ ಮೇಲೆ ಹಿಡಿಯುತ್ತಿದ್ದ ಅದೇ ಜಾಗದಲ್ಲಿ ಕೂತಿತು.

"ಈಗ ಹೇಳು. ಹೆಂಗಿತ್ತು?"

"ದೊಡ್ಡಗಿದ್ದ ಭಾವ. ಈ ಬಾಣಲೆಯಷ್ಟು. ಮೊದಲು ಕೆಂಪಗಿದ್ದ, ಆಮೇಲೆ ಮರಳೆಲ್ಲ..."

ಹೆಗಲ ಮೇಲಿನ ಕೈ ಬಿಗಿಯಾಯಿತು.

"ಅವಸರ ಮಾಡಬ್ಯಾಡ" ಎಂದರು ಭಾವ. "ನಿಧಾನ ಹೋಗು."