ತೊಳೆದರೂ ಹೋಗದ ಹೆಸರು

ದೋಣಿ ಮಾಲೀಕರ ಪ್ಲೇಯರ್‌ನೊಳಗೆ ಯಾರದೋ ಸಿ.ಡಿ.ಗೆ ಅಂಟಿಸಿದ್ದ ಕಾಗದ ಕಿತ್ತುಬಂದು ಸಿಕ್ಕಿಕೊಂಡದ್ದೇ ಎಲ್ಲಕ್ಕೂ ಮೂಲ. ಅಂದಿನಿಂದ ಅವರದು ಒಂದೇ ಹಟ: ಕಾಗದ ಅಂಟಿಸಿದ ಸಿ.ಡಿ. ಬೇಡ, ಹೆಸರು ಅದರ ಮೈಮೇಲೇ ಅಚ್ಚಾಗಿರಬೇಕು, ತೊಳೆದರೂ ಹೋಗಬಾರದು. ಸಂಜೆ ಹೊತ್ತು ಕೆರೆಯಲ್ಲಿ ತೇಲುವ ಅವರ ದೊಡ್ಡ ದೋಣಿಗೆ ಒಬ್ಬ ಹಾಡುಗಾರ ಬೇಕಾಗಿದ್ದ. ಹಾಡಿನ ಸಿ.ಡಿ. ಕೊಡಲು ಇವತ್ತೇ ಕೊನೆ.

ನಮ್ಮ ಗುನುಗಣ್ಣ ದಿಂಬು ಹೊಲಿಯುವವನು. ಹತ್ತಿ ತುಂಬುತ್ತ ಸದಾ ಗುನುಗುವವನಾದ್ದರಿಂದ ಬೀದಿಯವರು ಇಟ್ಟ ಹೆಸರು ಅದು. ಅವನ ಪಾಲಿಗೆ ದಿಂಬು ಹೊಟ್ಟೆಪಾಡು, ದೋಣಿಯೇ ಬದುಕು. ಸೂಜಿ ಹಿಡಿದ ಕೈ ಅರ್ಧಕ್ಕೆ ನಿಂತಿತೆಂದರೆ ಅವನು ಮನಸ್ಸಿನಲ್ಲೇ ದೋಣಿಯ ಮೇಲಿದ್ದಾನೆ ಎಂದೇ ಅರ್ಥ. ಅಲ್ಲಿ ದೀಪಗಳು ನೀರಿನಲ್ಲಿ ಕರಗುತ್ತಿದ್ದವು, ಅವನು ‘ತೇಲಿ ಬಾ ದೀಪವೇ’ ಎಂದು ಹಾಡುತ್ತಿದ್ದ, ಜನ ಕಣ್ಣು ಮುಚ್ಚಿ ಕೇಳುತ್ತಿದ್ದರು. ಹಾಡು ಅವನೇ ಕಟ್ಟಿದ್ದು. ಅದರ ಆರೂ ನುಡಿಗಳನ್ನು ಪೂರ್ತಿ ಕೇಳಿದ್ದು ಇಲ್ಲಿಯವರೆಗೆ ದಿಂಬುಗಳು ಮಾತ್ರ.

ಸಿ.ಡಿ.ಯ ಮೇಲೇ ಅಚ್ಚು ಹಾಕುವ ಪ್ರಿಂಟರನ್ನು ಭಾವಮೈದುನನಿಂದ ಕಾಡಿ ಬೇಡಿ ತಂದಿದ್ದ. ಹಾಡು ತುಂಬಿಸಿದ ಸಿ.ಡಿ.ಯನ್ನು ಬಿಳಿ ಮೈ ಮೇಲೆ ಮಾಡಿ ಅದರ ಪುಟ್ಟ ತಟ್ಟೆಯಲ್ಲಿಟ್ಟ. ಪ್ರಿಂಟರ್ ಗೊರಗೊರ ಅನ್ನುತ್ತ ತಟ್ಟೆಯನ್ನು ಒಳಗೆಳೆದುಕೊಂಡಿತು. ಆ ಸದ್ದಿಗೇ ಅವನಿಗೊಂದು ಜೊಂಪು ಹತ್ತಿತು. ಕಣ್ಣು ಬಿಟ್ಟರೆ ತಟ್ಟೆಯಲ್ಲಿ ನೀಲಿ ಕೆರೆ, ಅದರ ಮೇಲೆ ಹೊಂಬಣ್ಣದ ಅಕ್ಷರಗಳಲ್ಲಿ ಅವನ ಹೆಸರು. ಅಂಗಡಿಯಲ್ಲಿ ಕೊಂಡು ತಂದ ಹಾಗಿತ್ತು.

“ಒದ್ದೆ ಕೈ ತಗುಲಿದ್ರೆ ಹೋಗಲ್ವೇನ್ರೀ?” ಎಂದಳು ಹೆಂಡತಿ.

“ಹೋಗಲ್ಲ ಕಣೇ. ಸಿ.ಡಿ. ಡಬ್ಬಿ ಮೇಲೇ ಬರೆದಿದ್ದಾರೆ.”

“ಡಬ್ಬಿ ಮೇಲೆ ಏನ್ ಬೇಕಾದ್ರೂ ಬರೀತಾರೆ. ಕೊಡಿ ಇಲ್ಲಿ.”

ಅವಳು ಅದನ್ನು ಬಟ್ಟೆ ಒಗೆಯುವ ಕಲ್ಲಿನ ಮೇಲಿಟ್ಟು ಒದ್ದೆ ಬಟ್ಟೆಯಿಂದ ಚೆನ್ನಾಗಿ ಒರೆಸಿದಳು. ಒಂದು ಅಕ್ಷರವೂ ಅಲುಗಲಿಲ್ಲ.

ಅತ್ತೆಗೆ ಸಮಾಧಾನವಾಗಲಿಲ್ಲ. “ಇಷ್ಟಕ್ಕೇ ಆಯ್ತಾ? ಸಂಜೆ ಆ ಮಾಲೀಕರು ಗಟ್ಟಿಯಾಗಿ ಉಜ್ಜಿದ್ರೆ ಮಾನ ಹೋಗೋದು ನಮ್ಮ ಅಳಿಯಂದ್ರದು,” ಎನ್ನುತ್ತ ಪಾತ್ರೆ ತಿಕ್ಕುವ ಪುಡಿ ಉದುರಿಸಿ, ಅದೇ ಕಲ್ಲಿನ ಮೇಲೆ ಸುಟ್ಟ ಬಾಣಲೆ ತಿಕ್ಕುವಂತೆ ತಿಕ್ಕಿದರು. ಕೆರೆ ಇನ್ನಷ್ಟು ನೀಲಿಯಾಗಿ ಹೊಳೆಯಿತು.

ಕಾಂಪೌಂಡ್ ಗೋಡೆಯಾಚೆಯಿಂದ ಇದನ್ನೆಲ್ಲ ನೋಡುತ್ತಿದ್ದವರು ಪಕ್ಕದ ಮನೆಯ ರಿಟೈರ್ಡ್ ಮೇಷ್ಟ್ರು. “ಪರೀಕ್ಷೆ ಅಂದ್ಮೇಲೆ ಸರಿಯಾಗಿ ಮಾಡ್ಬೇಕಮ್ಮ,” ಎಂದು ಸಿ.ಡಿ.ಯನ್ನು ಇಸಿದುಕೊಂಡು, ಸಿಮೆಂಟಿನ ಗೋಡೆಯ ಮೇಲೆ ಮಲಗಿಸಿ, ಮೈಭಾರವನ್ನೆಲ್ಲ ಬಿಟ್ಟು ರಬ್ಬರಿನಿಂದ ಉಜ್ಜಿದರು. ಬೆವರು ಒರೆಸಿಕೊಂಡು, “ನೂರಕ್ಕೆ ನೂರು,” ಎಂದರು.

ಇಷ್ಟು ಜನರಲ್ಲಿ ಒಬ್ಬರೂ ಸಿ.ಡಿ.ಯನ್ನು ಮಗುಚಿ ನೋಡಲಿಲ್ಲ. ಹಾಡು ಇರುವುದು ಕೆಳಗಿನ ಮೈಯಲ್ಲಿ ಎಂದು ಗುನುಗಣ್ಣನಿಗೇನೋ ಗೊತ್ತಿತ್ತು. ಆದರೆ ಹೊಗಳಿಕೆ ಕಿವಿಗೆ ಬಿದ್ದ ಗಳಿಗೆಯಲ್ಲೇ ಅವನು ದೋಣಿ ಹತ್ತಿ ಹೊರಟುಬಿಟ್ಟಿದ್ದ.

ಸಂಜೆ ಕೆರೆಯ ದಡದ ಕೋಣೆಯಲ್ಲಿ ಮಾಲೀಕರು ಹೆಬ್ಬೆರಳಿಗೆ ಎಂಜಲು ಹಚ್ಚಿ ಹೆಸರನ್ನು ಉಜ್ಜಿ ನೋಡಿದರು. “ಅಚ್ಚು ಅಂದ್ರೆ ಇದು,” ಎಂದು ಸಿ.ಡಿ.ಯನ್ನು ಪ್ಲೇಯರ್‌ಗೆ ಹಾಕಿದರು.

‘ತೇಲಿ…’ ಎಂದಿತು ಗುನುಗಣ್ಣನ ದನಿ. ಆಮೇಲೆ ಮತ್ತೆ, ‘ತೇಲಿ…’ ಮತ್ತೂ, ‘ತೇಲಿ…’

ಗುನುಗಣ್ಣನಿಗೆ ಕಲ್ಲೂ ಗೋಡೆಯೂ ಒಟ್ಟಿಗೇ ನೆನಪಾದವು. ನಿಲ್ಲಿಸಲೆಂದು ಕೈ ಚಾಚಿದರೆ ಮಾಲೀಕರು ಕಣ್ಣು ಮುಚ್ಚಿಕೊಂಡೇ ಬೇಡವೆಂದು ಸನ್ನೆ ಮಾಡಿದರು. ಕಿಟಕಿಯಾಚೆ ಕೆರೆ ಮೆಲ್ಲಗೆ ಕಪ್ಪಾಗುತ್ತಿತ್ತು. ‘ತೇಲಿ… ತೇಲಿ…’ ಅವರ ತಲೆ ಅತ್ತಿತ್ತ ತೂಗಿತು, ಕೊನೆಗೆ ಎದೆಯ ಮೇಲೆ ವಾಲಿತು. ಅವನು ಮೂಲೆಯಲ್ಲಿ ನಿಂತು ಅವರ ಗೊರಕೆ ಕೇಳುತ್ತ ಕಾದ.

ಎಚ್ಚರವಾದಾಗ ಮಾಲೀಕರ ಕಣ್ಣು ಒದ್ದೆಯಾಗಿತ್ತು. “ಎಷ್ಟೋ ಜನ ಬಂದ್ರು. ಎಲ್ಲಾ ಗಂಟಲು ಹರ್ಕೊಳ್ಳೋರೇ. ಒಂದೇ ಮಾತು ಹಿಡ್ಕೊಂಡು ನಿಂತೋರು ನೀವೊಬ್ರೇ. ಇವತ್ತಿಂದಲೇ ಹಾಡಿ.”

“ಸರ್, ಅದು ಇನ್ನೂ ಇದೆ. ಆರು ನುಡಿ…”

“ಬೇಡಪ್ಪ. ಇನ್ನೊಂದು ಮಾತು ಸೇರಿಸಿದ್ರೂ ಕೆಟ್ಟುಹೋಗುತ್ತೆ.”

ದೋಣಿ ಹೊರಟಿತು. ಪ್ರಯಾಣಿಕರೆಲ್ಲ ಕೆಳಗೆ, ಗುನುಗಣ್ಣ ಮೇಲಿನ ಅಟ್ಟದ ಕತ್ತಲಲ್ಲಿ, ಪಕ್ಕದಲ್ಲಿ ಮಾಲೀಕರು. ಅವನು ‘ತೇಲಿ’ ಅಂದ, ‘ತೇಲಿ’ ಅಂದ. ಕೆರೆಯ ನಡುಮಧ್ಯೆ ತಡೆಯಲಾರದೆ, ಪಿಸುದನಿಯಲ್ಲಿ ‘ಬಾ’ ಎಂದು ಸೇರಿಸಿದ. ಮಾಲೀಕರು ಒಂದು ಕಣ್ಣು ತೆರೆದು ತುಟಿಯ ಮೇಲೆ ಬೆರಳಿಟ್ಟರು. ಅವನು ಮತ್ತೆ ‘ತೇಲಿ’ಗೇ ಹಿಂತಿರುಗಿದ. ದಡ ಮುಟ್ಟುವವರೆಗೂ ಅದೇ.

ಇಳಿಯುವಾಗ ಹಿರಿಯರೊಬ್ಬರು ಮಾಲೀಕರನ್ನು ಪಕ್ಕಕ್ಕೆ ಕರೆದರು.

“ಒಳ್ಳೇ ಹಾಡು ಸ್ವಾಮಿ. ಆದ್ರೆ ಆ ಸಿ.ಡಿ. ಎಲ್ಲೋ ಗೀಚಿದೆ. ಬೇರೆ ಹಾಕಿಸಿ.”