ಸುಮ್ಮನೆ ಕೂರುವ ರಜೆ

ಪ್ರವಾಸದ ಆಫೀಸಿನಲ್ಲಿ ಕೆಲಸ ಮಾಡುವವನಿಗೆ ನಗುವ ಪ್ರಸಂಗಗಳಿಗೆ ಬರವಿಲ್ಲ. ಅದರಲ್ಲೂ ಫ್ರೆಂಚರು ಬಂದರೆಂದರೆ ಒಂದಾದರೂ ಖಂಡಿತ. ಮಸ್ಕತ್ತಿನ ಖುರುಮ್ ಬಡಾವಣೆಯಲ್ಲಿ ಕುಳಿತು, ಬಂದವರಿಗೆ ಒಮಾನ್ ಸುತ್ತುವ ಕಾರ್ಯಕ್ರಮ ಹಾಕಿಕೊಡುವುದು ನನ್ನ ಕೆಲಸ. ನಾನು ಉಡುಪಿ ಕಡೆಯವನು, ನಿಂತಲ್ಲಿ ನಿಲ್ಲದ ಜನ. ರಜೆ ಎಂದರೆ ನನಗೆ ಓಡಾಟ. ಕೂರಲಿಕ್ಕೆ ಆಫೀಸಿನಲ್ಲಿ ಕುರ್ಚಿ ಇದೆಯಲ್ಲ!

೧. ಊಟ ಎಲ್ಲಿ?

ಒಮ್ಮೆ ಫ್ರೆಂಚ್ ದಂಪತಿಗೆ ಭರ್ಜರಿ ಕಾರ್ಯಕ್ರಮ ಹಾಕಿದ್ದೆ. ಬೆಳಿಗ್ಗೆ ಕೋಟೆ, ಆಮೇಲೆ ಸಂತೆ, ಬೆಟ್ಟದ ಹಳ್ಳಿ, ಸಂಜೆಗೆ ಮರಳುಗುಡ್ಡ. ಗಂಡ ಓದಿ ಕೇಳಿದ, “ಇದರಲ್ಲಿ ಊಟ ಎಲ್ಲಿ?”

“ಕಾರಿನಲ್ಲಿ ಸ್ಯಾಂಡ್‌ವಿಚ್ ಕೊಡುತ್ತೇವೆ.”

ಆತ ಹೆಂಡತಿಯ ಮುಖ ನೋಡಿದ. ನಾನು ಬೈದಿದ್ದರೂ ಇಬ್ಬರಿಗೂ ಅಷ್ಟು ಬೇಸರವಾಗುತ್ತಿರಲಿಲ್ಲ. ಪೆನ್ನು ತೆಗೆದು ಕೋಟೆ ಹೊಡೆದುಹಾಕಿದ, ಸಂತೆ ಹೊಡೆದುಹಾಕಿದ, ಮರಳುಗುಡ್ಡವನ್ನೂ ಬಿಡಲಿಲ್ಲ. ಕೊನೆಗೆ ಉಳಿದದ್ದು ಹಳ್ಳಿ, ಊಟ, ಊಟದ ಮೇಲಿನ ನಿದ್ದೆ.

ಮನೆಗೆ ಬಂದು ಹೆಂಡತಿಗೆ ಹೇಳಿದರೆ ಅವಳು ಅವರದೇ ಪಕ್ಷ. “ಪುಣ್ಯವಂತರು. ನಾವು ಊರಿಗೆ ಹೋದ್ರೆ ಮದುವೆ, ನಾಮಕರಣ, ಗೃಹಪ್ರವೇಶ ಅಂತ ದಿನವಿಡೀ ಓಡುದು. ಹೋದ ಸಲ ನೀವು ಡ್ರೈವಿಂಗು, ನಾನು ಹಿಂದಿನ ಸೀಟಲ್ಲಿ ಅತ್ತೆಯಂದಿರ ನಡುವೆ. ನಿಮ್ಮ ಮುಖ ನೋಡಿದ್ದೇ ಕಾರಿನ ಕನ್ನಡಿಯಲ್ಲಿ!”

೨. ಇಬ್ರಾದ ಖರ್ಜೂರದ ಮರ

ನಮ್ಮ ಡ್ರೈವರ್ ಬಂಟ್ವಾಳದ ಬ್ಯಾರಿ, ಗಡಿಯಾರದಂಥ ಮನುಷ್ಯ. ಅವನ ಜೊತೆ ಇಬ್ಬರು ಫ್ರೆಂಚ್ ಅಜ್ಜಿಯರನ್ನು ಇಬ್ರಾದ ಸೂಕಿಗೆ, ಅಂದರೆ ಅಲ್ಲಿನ ಪೇಟೆಗೆ, ಕಳಿಸಿದ್ದೆ. ಮಧ್ಯಾಹ್ನಕ್ಕೆ ಮರಳಬೇಕು. ಆ ಹೊತ್ತಿಗೆ ಅವನ ಫೋನು.

“ಸರ್, ಅವರು ಕೂತುಬಿಟ್ಟಿದ್ದಾರೆ.”

“ಎಂತ ಆಯ್ತು? ತಲೆ ತಿರುಗಿತಾ?”

“ಎಂತದೂ ಇಲ್ಲ ಸರ್. ಖರ್ಜೂರದ ಮರದ ಅಡಿ ಚಾಪೆ ಹಾಕಿ ಕೂತಿದ್ದಾರೆ. ಸೂಕ್ ಬೇಡವಂತೆ. ಮರ ಚೆಂದ ಉಂಟಂತೆ.”

“ಯಲ್ಲಾ ಯಲ್ಲಾ, ಹೊರಡಿ ಹೊರಡಿ ಅಂತ ಎಬ್ಬಿಸು ಮಾರಾಯ!”

ಬಿಸಿಲು ಇಳಿದರೂ ಸುದ್ದಿಯಿಲ್ಲ. ನಾನೇ ಫೋನ್ ಮಾಡಿದೆ. ಅವನ ದನಿ ಯಾಕೋ ಮೆತ್ತಗಾಗಿತ್ತು.

“ಎದ್ದರಾ?”

“ಅವರು ಆಗಲೇ ಎದ್ದರು ಸರ್. ನಾನು ಸ್ವಲ್ಪ ಕೂತಿದ್ದೇನೆ.”

೩. ರಜೆ ಯಾವಾಗ?

ನನ್ನ ಬಾಸ್ ಕೂಡ ಫ್ರೆಂಚರೇ. ಆಗಸ್ಟ್ ಬಂತೆಂದರೆ ತಮ್ಮ ಹಳ್ಳಿಗೆ ಹೋಗಿ ಸೇರುತ್ತಾರೆ. ಒಮ್ಮೆ ಹೋಟೆಲೊಂದು ಬುಕಿಂಗ್ ಕೆಡಿಸಿದ ಗಾಬರಿಯಲ್ಲಿ ಅಲ್ಲಿಗೇ ಫೋನ್ ಮಾಡಿದೆ.

“ಯಾರಾದರೂ ತೀರಿಹೋದರಾ?” ಎಂದು ಕೇಳಿದರು.

“ಇಲ್ಲ ಸರ್.”

“ಹಾಗಾದರೆ ನಾನು ಟೊಮೆಟೊ ಹೆಚ್ಚುತ್ತಿದ್ದೇನೆ,” ಎಂದು ಫೋನ್ ಇಟ್ಟೇಬಿಟ್ಟರು.

ವಾಪಸು ಬಂದ ಮೇಲೆ ನನ್ನ ರಜೆಯ ಬಗ್ಗೆ ವಿಚಾರಿಸಿದರು. ಊರಿನ ಮದುವೆಗಳು, ನೆಂಟರ ಮನೆಗಳು, ಬ್ಯಾಂಕು, ಹಲ್ಲಿನ ಡಾಕ್ಟರು ಎಂದು ಒಂದೇ ಉಸಿರಿಗೆ ಹೇಳಿದೆ. ಅವರು ಮರುಕದಿಂದ, “ಇದೆಲ್ಲ ಮುಗಿದ ಮೇಲೆ ರಜೆ ಯಾವಾಗ?” ಎಂದರು.

ಇದನ್ನೂ ಮನೆಯಲ್ಲಿ ಹೇಳಿದೆ. ಹೆಂಡತಿ ಈ ಸಲ ನಗಲಿಲ್ಲ.

“ಈ ವರ್ಷ ಊರಿಗೆ ಬೇಡ. ನಾನೂ ಕ್ಲಿನಿಕ್ಕಿನ ಕೆಲಸಕ್ಕೆ ರಜೆ ಹಾಕ್ತೇನೆ. ಒಂದು ವಾರ ಇಲ್ಲೇ ನನ್ನ ಜೊತೆ ಸುಮ್ಮನೆ ಕೂರ್ಲಿಕ್ಕೆ ನಿಮಗೆ ಆಗ್ತದಾ, ಇಲ್ವಾ?”

ಇಷ್ಟು ವರ್ಷದ ಸಂಸಾರದಲ್ಲಿ ಅವಳು ನನ್ನನ್ನೇ ಬೇಡಿದ್ದು ಇದೇ ಮೊದಲು.

“ಆಗ್ತದೆ ಮಾರಾಯ್ತಿ,” ಎಂದೆ. “ಎಲ್ಲೆಲ್ಲಿ ಕೂರುದು ಅಂತ ಈಗಲೇ ಒಂದು ಪ್ಲಾನ್ ಹಾಕ್ತೇನೆ.”

೪. ಅಲ್ ಗುಬ್ರಾದಲ್ಲಿ ಒಂದು ವಾರ

ಅಲ್ ಗುಬ್ರಾದ ನಮ್ಮ ಫ್ಲ್ಯಾಟಿನಲ್ಲಿ ರಜೆ ಶುರುವಾಯಿತು. ಮೊದಲ ದಿನ ಕಾಲು ತುರಿಸಿತು. ಮರುದಿನ ಚಹಾ ಆರಿದರೂ ನಮ್ಮ ಮಾತು ಮುಗಿಯಲಿಲ್ಲ. ಇವಳು ಇಷ್ಟು ಚೆನ್ನಾಗಿ ಮಿಮಿಕ್ರಿ ಮಾಡುತ್ತಾಳೆಂದು ನನಗೆ ಗೊತ್ತೇ ಇರಲಿಲ್ಲ. ನನ್ನ ಅತ್ತೆಯಂದಿರೆಲ್ಲ ಒಬ್ಬೊಬ್ಬರಾಗಿ ನಮ್ಮ ಸೋಫಾದ ಮೇಲೆ ಬಂದು ಹೋದರು.

ಆದರೆ ಕೆಳಗೆ ನನ್ನ ಕಾರು ನಿಂತಲ್ಲೇ ನಿಂತು ಧೂಳು ಹಿಡಿದಿತ್ತು. ನಮ್ಮ ಕಟ್ಟಡದ ತುಂಬ ಊರಿನವರೇ. ಗಲ್ಫಿನವನು ರಜೆ ಸಿಕ್ಕರೆ ಊರಿಗೆ ಹೋಗುತ್ತಾನೆ, ಇಲ್ಲದಿದ್ದರೆ ಕೆಲಸಕ್ಕೆ ಹೋಗುತ್ತಾನೆ. ಎರಡೂ ಕಡೆ ಹೋಗದೆ ಮನೆಯಲ್ಲಿ ಲುಂಗಿ ಉಟ್ಟು ಕೂತಿದ್ದಾನೆಂದರೆ?

ಮೇಲಿನ ಮನೆಯ ಮಂಗಳೂರು ಕ್ರಿಶ್ಚಿಯನ್ ಬಾಯಮ್ಮ ಬಂಗುಡೆ ಮೀನಿನ ಪುಳಿಮುಂಚಿ ಸಾರು ತಂದುಕೊಟ್ಟು, “ಧೈರ್ಯ ಬಿಡಬೇಡಿ,” ಎಂದು ಹೋದರು. ಕೆಳಗಿನ ಅಂಗಡಿಯ ಬ್ಯಾರಿ ಸಾಹುಕಾರರು ಪತ್ತಿರಿ ರೊಟ್ಟಿ, ಕೋಳಿ ಸಾರು ಹಿಡಿದು ಬಂದು, “ನನಗೆ ವೀಸಾ ಕೊಟ್ಟ ಕಫೀಲ್ ಹತ್ರ ಮಾತಾಡ್ತೇನೆ. ಒಳ್ಳೆ ಅರಬಿ. ನಿಮಗೊಂದು ವೀಸಾ ಕೊಡದೆ ಇರುದಿಲ್ಲ,” ಎಂದರು. ಎದುರು ಮನೆಯವರು ಚಹಾ ಕುಡಿದು, ನಮ್ಮ ವಾಷಿಂಗ್ ಮಶೀನಿನ ಬೆನ್ನು ತಟ್ಟಿ, “ಊರಿಗೆ ಹೋಗುವಾಗ ಇದನ್ನು ಬೇರೆಯವರಿಗೆ ಕೊಡಬೇಡಿ ಆಯ್ತಾ?” ಎಂದರು.

ಆಗ ನನಗೆ ಹೊಳೆಯಿತು. ದಡಬಡ ಎದ್ದು ಅಂಗಿ ಹಾಕಿಕೊಂಡೆ.

“ಎಲ್ಲಿಗೆ?” ಎಂದಳು ಹೆಂಡತಿ.

“ಮಾನ ಹೋಗ್ತಾ ಉಂಟು! ಕೆಲಸ ಹೋಗಿಲ್ಲ ಅಂತ ಎಲ್ಲರಿಗೂ ಹೇಳಿ ಬರ್ತೇನೆ.”

ಅವಳು ನನ್ನ ಕೈ ಹಿಡಿದು ಪಕ್ಕದಲ್ಲೇ ಕೂರಿಸಿದಳು. “ಹೇಳಿದ ಕೂಡ್ಲೆ ಒಬ್ಬರು ಬರ್ತ್‌ಡೇಗೆ ಕರೀತಾರೆ, ಒಬ್ಬರು ಏರ್‌ಪೋರ್ಟಿಗೆ ಬಿಡಿ ಅಂತಾರೆ. ಕೆಲಸ ಹೋದ ಪಾಪದವನನ್ನು ಯಾರೂ ಕರೆಯುದಿಲ್ಲ. ಈ ವಾರ ನೀವು ನನಗೆ ಮಾತ್ರ.”

“ಮತ್ತೆ ಹೇಳುದು ಯಾವಾಗ?”

ಅವಳು ನನ್ನ ತಟ್ಟೆಗೆ ದೊಡ್ಡ ಬಂಗುಡೆಯನ್ನೇ ಹಾಕಿದಳು.

“ರಜೆ ಮುಗಿಯುವ ದಿನ, ಕೆಲಸ ಸಿಕ್ಕಿತು ಅಂತ ಹೇಳಿದ್ರಾಯ್ತು.”