ಮೇಜು ಉಜ್ಜಿದ್ದು ಹೆಚ್ಚಾಯಿತು

ಮರದ ಬುದ್ಧಿ ನನಗೆ ಇನ್ನೂ ಅರ್ಥವಾಗಿಲ್ಲ. ನಿಂತಿರುವಷ್ಟು ಕಾಲ ನೀರು ನೀರು ಎನ್ನುತ್ತದೆ. ಕಡಿದು ಮೇಜು ಮಾಡಿದರೆ ಒಂದು ಹನಿ ನೀರೂ ಆಗುವುದಿಲ್ಲ, ಮೈಯೆಲ್ಲ ಕಲೆ ಎಬ್ಬಿಸಿಕೊಳ್ಳುತ್ತದೆ. ಕೆಲಸ ಸಿಕ್ಕಿದ ಮೇಲೆ ಗಂಜಿ ಮುಟ್ಟದ ನಮ್ಮ ಕೆಲವು ನೆಂಟರ ಹಾಗೆ. ನಾನು ಕಾಸರಗೋಡಿನವಳು. ಉಂಡ ಜಾಗಕ್ಕೆ ನೀರು ಹಾಕಿ ಒರೆಸದಿದ್ದರೆ ಎಂಜಲು ಹೋಗುವುದಿಲ್ಲ ಎಂದು ಕಲಿತವಳು. ಶಾಲೆಯಲ್ಲಿ ಏನೂ ಕಲಿಯದಿದ್ದರಿಂದ ಇದು ಗಟ್ಟಿಯಾಗಿ ನೆನಪಿದೆ. ಕೊಚ್ಚಿಯಲ್ಲಿ, ಕಾಕ್ಕನಾಡಿನ ಬಾಡಿಗೆ ಫ್ಲ್ಯಾಟಿನಲ್ಲಿರುವ ಮಗಳು ಸುಮಾಳ ಮನೆಗೆ ಬಂದ ಮೇಲೂ ಊಟವಾದ ಕೂಡಲೇ ಮೇಜಿಗೆ ಚೊಂಬಿನಿಂದ ನೀರು ಹೊಯ್ದು ಬಳಿಯುತ್ತಿದ್ದೆ. ಮಳೆಗಾಲ ಬರುವಷ್ಟರಲ್ಲಿ ಮೇಜಿನ ನಡುವೆ ಎಮ್ಮೆ ಮಲಗಿದಂಥ ಕಪ್ಪು ಕಲೆ.

ಮೇಜು ನಮ್ಮದಾಗಿದ್ದರೆ ಎಮ್ಮೆ ಮಲಗಿರಲಿ ಎನ್ನುತ್ತಿದ್ದೆ. ಅದು ಮನೆಯ ಯಜಮಾನಿಯದು. ತಿರುವನಂತಪುರದಲ್ಲಿರುವ ಆ ಚೇಚಿ, ಅಂದರೆ ಇಲ್ಲಿಯವರ ಮಾತಿನಲ್ಲಿ ಅಕ್ಕ, "ನನ್ನ ಅತ್ತೆಯ ಕಾಲದ ತೇಗದ ಮೇಜು, ಜೋಪಾನ" ಎಂದು ಹೇಳಿಯೇ ಬೀಗದ ಕೈ ಕೊಟ್ಟಿದ್ದರಂತೆ. ಈಗ ಭಾನುವಾರ ಮನೆ ನೋಡಲು ಬರುತ್ತೇನೆಂದು ಫೋನು. ಅಳಿಯ ಗಣೇಶನ ಮುಖ ಬಿಳಿಚಿತು.

"ಅತ್ತೇ, ಇದನ್ನು ಕಂಡ್ರೆ ಮನೆ ಖಾಲಿ ಮಾಡಿ ಅಂತಾರೆ. ಅನುವಿನ ಶಾಲೆ ಇಲ್ಲೇ ಪಕ್ಕದಲ್ಲಿ ಉಂಟು. ನೀರು ಯಾಕೆ ಹಾಕಿದ್ರಿ?"

"ಮತ್ತೆಂತ, ಎಂಜಲಿನ ಮೇಲೆ ಲ್ಯಾಪ್‌ಟಾಪ್ ಇಡುದಾ?"

ಅಳಿಯ ಕಂಪ್ಯೂಟರಿನವರು. ವಿಡಿಯೊ ನೋಡಿ, ಸ್ಯಾಂಡ್ ಪೇಪರು, ವಾರ್ನಿಷು ತಂದು ಶುರುಮಾಡಿದರು. ಮರದ ಗೆರೆ ಉದ್ದಕ್ಕೆ, ಇವರ ಕೈ ಅಡ್ಡಕ್ಕೆ. ಸ್ವಲ್ಪ ಹೊತ್ತಿನಲ್ಲೇ ಕೋಳಿ ಕೆದಕಿದ ಅಂಗಳದಂತಾಯಿತು. "ಆಚೆ ಹೋಗಿ, ಹಂಡೆ ತಿಕ್ಕಿದ ಕೈ ಇದು" ಎಂದು ನಾನೇ ಕೂತೆ. ಕಲೆಯ ಮೇಲೆ ನನಗೆ ಎಂಥ ಸಿಟ್ಟಿತ್ತೆಂದರೆ, ಅದು ಪೂರ್ತಿ ಹೋದಾಗ ಆ ಜಾಗದಲ್ಲಿ ಒಂದು ಹೊಂಡ ಇತ್ತು. ಮೊಮ್ಮಗಳು ಅನು ಬೆರಳಾಡಿಸಿ ನೋಡಿ, "ಅಮ್ಮಮ್ಮೇ, ಇದ್ರಲ್ಲಿ ಸಾಂಬಾರ್ ಡೈರೆಕ್ಟ್ ಒಳಿಕ್ಕಾಂ" ಎಂದಳು. ಸಾಂಬಾರನ್ನು ನೇರ ಅಲ್ಲೇ ಸುರಿಯಬಹುದಂತೆ! ಕನ್ನಡದಲ್ಲಿ ಶುರುಮಾಡಿದ್ದನ್ನು ಮಲಯಾಳದಲ್ಲಿ ಮುಗಿಸುವುದು ಅವಳ ಅಭ್ಯಾಸ. ಎರಡರಲ್ಲೂ ನಾಲಗೆ ಉದ್ದ.

ಹೊಂಡ ಕಾಣದಿರಬೇಕಾದರೆ ಉಳಿದದ್ದೆಲ್ಲ ಅದರ ಮಟ್ಟಕ್ಕೆ ಇಳಿಯಬೇಕು. ಮನೆಮಂದಿಯೆಲ್ಲ ಉಜ್ಜಿದೆವು. ಒಗ್ಗರಣೆಗೆ ಧೂಳು, ದೋಸೆಗೆ ಧೂಳು. ನನ್ನ ಬಿಳಿ ತಲೆಗೂದಲು ಕಂದಾಯಿತು. ನಂತರ ವಾರ್ನಿಷು. ಹೊರಗೆ ಧಾರಾಕಾರ ಮಳೆ, ಒಳಗೆ ಅದು ಹಲಸಿನ ಮೇಣದ ಹಾಗೆ ಅಂಟು. ಫ್ಯಾನು ಹಾಕಿ, ಸುಮಾ ತಲೆ ಒಣಗಿಸುವ ಮೆಷಿನ್ನು ಹಿಡಿದು, ನಾವು ಅಡುಗೆಮನೆಯಲ್ಲಿ ನಿಂತು ಉಂಡು, ಶನಿವಾರ ಸಂಜೆಗೆ ಅಂತೂ ಒಣಗಿತು. ಮುಖ ನೋಡಿ ಕುಂಕುಮ ಇಟ್ಟುಕೊಳ್ಳುವಷ್ಟು ಹೊಳಪು.

ಚೇಚಿ ಬಂದರು. ಮನೆಯ ಗೋಡೆ, ನಲ್ಲಿ ಯಾವುದನ್ನೂ ನೋಡಲಿಲ್ಲ. ಮೇಜಿನ ಮುಂದೆ ನಿಂತು, "ಅಯ್ಯೋ, ಎಂತೊರು ಭಂಗಿ!", ಎಂಥಾ ಚಂದ, ಎಂದು ಸವರಿದರು. ಇಷ್ಟು ಚಂದವೆಂದು ಗೊತ್ತಿದ್ದರೆ ಇಲ್ಲಿ ಬಿಡುತ್ತಲೇ ಇರಲಿಲ್ಲವಂತೆ. "ನೀವು ಒಳ್ಳೆಯವರು, ಎಷ್ಟು ವರ್ಷ ಬೇಕಾದರೂ ಇರಿ" ಎಂದು ನನ್ನ ಕೈ ಹಿಡಿದರು. ಮರುದಿನವೇ ಟೆಂಪೊ ಬಂದು ಮೇಜು ತಿರುವನಂತಪುರಕ್ಕೆ ಹೋಯಿತು.

ಮನೆ ಉಳಿಯಿತು. ಈಗ ಎಲ್ಲರೂ ನೆಲದಲ್ಲಿ ಚಕ್ಕಳಮಕ್ಕಳ ಹಾಕಿ ಉಣ್ಣುತ್ತಾರೆ, ಅನುವಿಗಂತೂ ದಿನಾ ಓಣಂ ಹಬ್ಬದ ಪಂಕ್ತಿ ಊಟ. ನನ್ನ ಮಂಡಿ ಮಡಚುವುದಿಲ್ಲ. ಬಟ್ಟಲನ್ನು ತೊಡೆಯ ಮೇಲಿಟ್ಟುಕೊಂಡು ಮೂಲೆಯಲ್ಲಿ ಸ್ಟೂಲಿನ ಮೇಲೆ ಕೂರುತ್ತೇನೆ. ಪುಣ್ಯಕ್ಕೆ ಅದು ಪ್ಲಾಸ್ಟಿಕ್ಕಿನದು. ಮರದ್ದಾಗಿದ್ದರೆ ಅದನ್ನೂ ಇಷ್ಟರಲ್ಲಿ ಚಂದ ಮಾಡಿ ಕಳೆದುಕೊಳ್ಳುತ್ತಿದ್ದೆ.